ಸಹಾಯ ಬೇಕು: ಫ್ಯಾಷನ್ ಡಿಸೈನ್ ಸ್ನಾತಕೋತ್ತರ ಕೋರ್ಸ್‌ನಲ್ಲಿ ಪಾಠ ಮಾಡುವವರು ಯಾರು?

ಎಲ್ಲರಿಗೂ ನಮಸ್ಕಾರ. ನಾವು ಬಳ್ಳಾರಿಯವರು. ತಂಗಿ ಫ್ಯಾಷನ್ ಡಿಸೈನ್ ಪದವಿ ಮುಗಿಸಿ ಬೆಂಗಳೂರಿನಲ್ಲಿ ಸ್ನಾತಕೋತ್ತರ ಕೋರ್ಸ್ ಹುಡುಕುತ್ತಿದ್ದಾಳೆ. ಒಂದು ಕಾಲೇಜಿನ ಕೈಪಿಡಿಯಲ್ಲಿ ‘ಉದ್ಯಮ ಪರಿಣತರಿಂದ ಬೋಧನೆ’ ಎಂದು ದಪ್ಪ ಅಕ್ಷರದಲ್ಲಿದೆ. ಆ ಪರಿಣತರು ವಾರಕ್ಕೊಮ್ಮೆ ತರಗತಿಗೆ ಬರುತ್ತಾರೋ, ವರ್ಷಕ್ಕೊಮ್ಮೆ ಹಾರ ಹಾಕಿಸಿಕೊಳ್ಳಲು ಬರುತ್ತಾರೋ, ಅದು ಮಾತ್ರ ಇಲ್ಲ.

ಇಲ್ಲಿನ ಜೀನ್ಸ್ ಘಟಕಗಳ ಕಟಿಂಗ್ ಮಾಸ್ಟರ್‌ಗಳನ್ನು ನೋಡುತ್ತ ಬೆಳೆದವಳು ಅವಳು. ವಾಷಿಂಗ್‌ನಲ್ಲಿ ಡೆನಿಮ್ ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಅಳತೆಯ ಮಾದರಿ) ದೊಡ್ಡದು ಮಾಡುವುದನ್ನು ಅವರಿಂದಲೇ ಕಲಿತಳು. ಬರೀ ಚಿತ್ರ ಬರೆಸುವ ಬೋಧಕರು ಅವಳಿಗೆ ಸಾಲದು.

ನಿಫ್ಟ್‌ನಲ್ಲೋ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಬೇರೆಡೆಯೋ ಓದಿದವರು ತಿಳಿಸಿ: ಕಾಯಂ ಬೋಧಕರಲ್ಲಿ ಕಾರ್ಖಾನೆಯಲ್ಲಿ ದುಡಿದವರು ಎಷ್ಟು ಮಂದಿ? ಅಂತಿಮ ಪ್ರಾಜೆಕ್ಟ್‌ಗೆ ಮಾರ್ಗದರ್ಶಕರು ಯಾರು? ಸಂಡೂರಿನ ಲಂಬಾಣಿ ಕಸೂತಿಯನ್ನು ಡೆನಿಮ್ ಮೇಲೆ ತರುವ ಹಂಬಲ ಅವಳದು. ಕರಕುಶಲಕರ್ಮಿಗಳ ಜೊತೆ ಕೆಲಸ ಮಾಡಿದ ಬೋಧಕರಿದ್ದರೆ ಅಂಥ ಕಾಲೇಜಿಗೇ ಮೊದಲು ಅರ್ಜಿ ಹಾಕುತ್ತೇವೆ.