ಒಮ್ಮೆ ಬಂದ ಡೆಂಗಿ ಮತ್ತ ಯಾಕ ಬಂತು? ಜ್ವರ ಇಳದೈತಿ, ಇನ್ನ ಪಾರಾದಂಗೇನ್ರಿ?

ಬೆಟಗೇರಿ ತಾಯಿ
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಗದಗ ಬೆಟಗೇರಿ. ಮಗಗ 14 ವರ್ಷ, ಸೋಮವಾರ ರಾತ್ರಿಯಿಂದ ಜ್ವರ, ಕಣ್ಣಿನ ಹಿಂದ ನೋವು, ಮೈಕೈ ಎಲ್ಲಾ ಹಿಡಕೊಂಡ ಬಿಟ್ಟಿತ್ತು, ಬುಧವಾರ ರಕ್ತ ಕೊಟ್ವಿ, ಎನ್‌ಎಸ್‌1 (ಡೆಂಗಿ ಐತೇನು ಅಂತ ನೋಡೋ ರಕ್ತಪರೀಕ್ಷೆ) ಪಾಸಿಟಿವ್ ಬಂತು. ಎರಡ ವರ್ಷದ ಹಿಂದನೂ ಅವಗ ಡೆಂಗಿ ಆಗಿತ್ತು. ದಡಾರ ಒಮ್ಮೆ ಬಂದ ಹೋದ್ರ ಮತ್ತ ಬರಂಗಿಲ್ಲ ಅಂತ ನಮ್ಮವ್ವ ಹೇಳ್ತಿದ್ಲು, ಹಂಗಿದ್ರ ಇದ್ಯಾಕ ತಿರುಗಿ ಬಂತು, ನನ್ನ ಮಗನ ಮೈಯಾಗ ಶಕ್ತಿನ ಇಲ್ಲೇನು? ಓಣ್ಯಾಗ ಯಾರೂ ತಮ್ಮ ಹುಡುಗರನ್ನ ನಮ್ಮ ಮನಿ ಕಡೆ ಬಿಡವಲ್ರು, ನಮ್ಮ ಅತ್ತಿ ಅವನ ತಾಟು ಲೋಟ ಬ್ಯಾರೆ ಇಟ್ಟಾರ. ಇವತ್ತ ಶುಕ್ರವಾರ, ಜ್ವರ 99ಕ್ಕ ಇಳದೈತಿ, ಪ್ಲೇಟ್‌ಲೆಟ್ 92 ಸಾವಿರ. ಹೊಟ್ಟಿ ನೋವು ಅಂತಾನ, ಬೆಳಿಗ್ಗಿಂದ ಎರಡ ಸಲ ವಾಂತಿ ಆತು. ಏನೂ ತಿಂದಿಲ್ಲ, ಪಿತ್ತ ಇರಬೇಕು ಅಂತ ಸುಮ್ಮನ ಅದೀನಿ.

ಹುಬ್ಬಳ್ಳಿ ಲ್ಯಾಬ್
ಅಕ್ಕಾರ, ಮೊದಲ ಇದನ್ನ ಓದ್ರಿ, ಉಳಿದದ್ದು ಆಮ್ಯಾಲೆ ಓದೀರಂತ. ಡೆಂಗಿಯೊಳಗ ಜ್ವರ ಇಳಿಯೋ ದಿನಾನ ಹುಷಾರಿ ಇರೋ ದಿನ. ಜ್ವರ ಇಳದ ಮ್ಯಾಲೆ 24ರಿಂದ 48 ತಾಸು ರಕ್ತನಾಳ ಸೋರಾಕ ಹತ್ತಬಹುದು, ರಕ್ತದಾಗಿನ ನೀರು ಹೊರಗ ಹೋಗಿ ಹೊಟ್ಟಿ, ಎದಿಯೊಳಗ ನಿಲ್ತೈತಿ, ಬಿಪಿ ಬೀಳ್ತೈತಿ. ಹೊಟ್ಟಿ ನೋವು, ವಾಂತಿ, ಕೈಕಾಲು ತಣ್ಣಗ ಆಗೋದು, ಒಸಡಿನ್ಯಾಗ ರಕ್ತ, ಉಚ್ಚಿ ಕಡಿಮಿ ಆಗೋದು, ಹುಡುಗ ಮಂಕಾಗೋದು, ಇವೆಲ್ಲಾ ಅದರ ಸುಳಿವು. ಈಗ್ಲೇ ಆಸ್ಪತ್ರಿಗೆ ಕರಕೊಂಡ ಹೋಗ್ರಿ, ನಾಳೆ ನೋಡೋಣು ಅನಬ್ಯಾಡ್ರಿ.

ಇನ್ನ ನಿಮ್ಮ ಪ್ರಶ್ನೆ. ಮಗನ ಮೈಯಾಗ ಶಕ್ತಿ ಐತ್ರಿ. ದಡಾರದ ವೈರಸ್ ಒಂದ ನಮೂನಿ, ಒಮ್ಮೆ ಗುರುತು ಹಿಡಿದ್ರ ಮೈ ಅದನ್ನ ಮರಿಯಂಗಿಲ್ಲ. ಡೆಂಗಿಯೊಳಗ ನಾಕ ನಮೂನಿ ಅದಾವು. ಹಿಂದ ಬಂದಿದ್ದು ಬಹುಶಃ ಒಂದು, ಈಗ ಬಂದಿದ್ದು ಇನ್ನೊಂದು. ಹಳೇ ಸಲದ ಆಂಟಿಬಾಡಿ, ಅಂದ್ರ ರೋಗಾನ ಹಿಡಿಯಾಕ ಮೈ ತಯಾರ ಮಾಡಿದ ಕಾವಲುಗಾರರು, ಈ ಹೊಸಾದನ್ನ ಹಿಡೀತಾವು, ಆದ್ರ ಕೊಲ್ಲಾಕ ಆಗಂಗಿಲ್ಲ. ಕಳ್ಳನ ಕೈಗೆ ಬೇಡಿ ಹಾಕ್ದನ ಸ್ಟೇಷನ್ ಒಳಗ ಕರಕೊಂಡ ಹೋದಂಗ ಆಗ್ತೈತಿ. ರೋಗಾನ ನುಂಗೋ ಬಿಳಿ ರಕ್ತಕಣದೊಳಗ ಅದು ಆರಾಮ ಹೊಕ್ಕು ಅಲ್ಲೇ ಮರಿ ಮಾಡಾಕ ಹತ್ತತೈತಿ. ಅದಕ್ಕ ಎರಡನೇ ಸಲದ ಡೆಂಗಿ ಜೋರ ಆಗೋ ಸಾಧ್ಯತೆ ಜಾಸ್ತಿ. ಎಲ್ಲಾರಿಗೂ ಹಂಗ ಆಗಂಗಿಲ್ಲ, ಆದ್ರ ಡಾಕ್ಟರಿಗೆ ಇದು ಎರಡನೇ ಸಲ ಅಂತ ಮರೀದ ಹೇಳ್ರಿ.

ಧಾರವಾಡದಾಂವ
ಹೋದ ವರ್ಷ ನನ್ನ ತಂಗಿಗೆ ಆದಾಗ ಮನಿಮಂದಿ ಎಲ್ಲಾ ಪ್ಲೇಟ್‌ಲೆಟ್ ಒಂದನ್ನ ಹಿಡಕೊಂಡ ಕುಂತಿದ್ವಿ, ತಾಸಿಗೊಮ್ಮೆ ಫೋನ್, ಪಪಾಯಿ ಎಲಿ ರಸ ಕುಡಿಸಿ ಕುಡಿಸಿ ವಾಂತಿ ಮತ್ತಷ್ಟು ಹೆಚ್ಚಾತು. ನೋಡಿದ ಡಾಕ್ಟ್ರು ಪಿಸಿವಿ (ರಕ್ತದಾಗ ಕೆಂಪು ಕಣದ ಪಾಲು ಎಷ್ಟು ಅನ್ನೋ ಲೆಕ್ಕ) ನೋಡ್ರಿ, ಅದು ಏರಿದ್ರ ರಕ್ತ ಗಟ್ಟಿ ಆಗೇತಿ ಅಂತ ಅಂದ್ರು, ರಕ್ತ ಗಟ್ಟಿ ಆಗಾಕ ಹತ್ತೇತಿ ಅಂದ್ರ ನೀರು ಸೋರಾಕ ಹತ್ತೇತಿ ಅಂತ ಅರ್ಥ. ರಕ್ತ ಸೋರದಿದ್ರ 92 ಸಾವಿರಕ್ಕ ಯಾರೂ ಪ್ಲೇಟ್‌ಲೆಟ್ ಏರಸಂಗಿಲ್ಲ. ಪ್ಯಾರಾಸಿಟಮಾಲ್ ಬಿಟ್ಟು ಬ್ಯಾರೆ ನೋವಿನ ಗುಳಿಗಿ ಕೊಡಬ್ಯಾಡ್ರಿ, ಐಬುಪ್ರೊಫೆನ್, ಆಸ್ಪಿರಿನ್ ಎರಡೂ ರಕ್ತ ಸೋರೋ ಅಪಾಯ ಹೆಚ್ಚು ಮಾಡ್ತಾವು. ದಾರಿಯೊಳಗ ಓಆರ್‌ಎಸ್ ಗುಟುಕ ಗುಟುಕ ಕುಡಸ್ರಿ.

ಹಾವೇರಿ ಮಾಸ್ತರ
ತಾಟು ಲೋಟ ಬ್ಯಾರೆ ಇಡೋದ್ರಿಂದ ಏನೂ ಆಗಂಗಿಲ್ರಿ, ಹುಡುಗನ ಮನಸ್ಸಿಗೆ ನೋವಷ್ಟ. ಇದು ಎಂಜಲಿಂದ, ಮುಟ್ಟೋದ್ರಿಂದ ಬರಂಗಿಲ್ಲ. ಜ್ವರ ಇದ್ದಾಗ ಅವನ್ನ ಕಚ್ಚಿದ ಸೊಳ್ಳಿ ಹೊಟ್ಯಾಗ ವೈರಸ್ ಬೆಳೀಬೇಕು, ಅದಕ್ಕ 8ರಿಂದ 12 ದಿನ ಬೇಕು, ಆಮ್ಯಾಲೆ ಆ ಸೊಳ್ಳಿ ಇನ್ನೊಬ್ಬರನ್ನ ಕಚ್ಚಿದ್ರ ಅವ್ರಿಗೆ ಬರ್ತೈತಿ. ಇದು ಹಗಲಿನ್ಯಾಗ ಕಚ್ಚೋ ಸೊಳ್ಳಿ, ಹಂಗಾಗಿ ಅವನಿಗೆ ಹಗಲೊತ್ತೂ ಸೊಳ್ಳಿಪರದೆ ಕಟ್ರಿ, ಓಣಿಯ ಮಕ್ಕಳನ್ನ ಕಾಯೋದು ಅದ.

ಮನ್ಯಾಗ ನೀರು ತುಂಬಿಟ್ಟಿರ್ತೀರಲ್ಲ, ಅದನ್ನ ನೋಡ್ರಿ, ಈ ಸೊಳ್ಳಿ ಮೊಟ್ಟಿ ಇಡೋದು ಅಂಥಾ ನೀರಿನ್ಯಾಗ. ನಮ್ಮ ಕಡೆ ನಳ ವಾರಕ್ಕೊಮ್ಮೆ, ಹತ್ತ ದಿನಕ್ಕೊಮ್ಮೆ. ಮೊಟ್ಟಿಯಿಂದ ಹಾರೋ ಸೊಳ್ಳಿ ಆಗಾಕೂ ಹೆಚ್ಚುಕಮ್ಮಿ ಅಷ್ಟ ದಿನ. ಮಂದಿ ಸ್ವಚ್ಛ ಇಟ್ಟಿಲ್ಲ ಅಂತ ಬೈಯೋರನ್ನ ಕಂಡ್ರ ನನಗ ಸಿಟ್ಟು ಬರ್ತೈತಿ, ನೀರು ತುಂಬಿಡ್ದ ಯಾರು ಬದಕ್ಯಾರ?

ಬೆಟಗೇರಿ ತಾಯಿ (ರವಿವಾರ)
ಶುಕ್ರವಾರನ ಕರಕೊಂಡ ಹೋದ್ವಿ. ಪಿಸಿವಿ ಏರಿತ್ತು, ಬಿಪಿ ಕಡಿಮಿ ಇತ್ತು, ಎರಡ ರಾತ್ರಿ ಸಲೈನ್ ಹಚ್ಚಿದ್ರು. ಇವತ್ತ ಹಸಿವಿ ಅಂದಾನ, ಗಂಜಿ ಕುಡದಾನ, ಉಚ್ಚಿನೂ ಸರಿ ಆಗೇತಿ. ಪಿತ್ತ ಅಂತ ಸುಮ್ಮನ ಕುಂತಿದ್ರ ಏನ ಆಗ್ತಿತ್ತೋ. ನಿಮ್ಮೆಲ್ಲಾರ ಉಪಕಾರ ದೊಡ್ಡದು. ಮನ್ಯಾವ್ರು ಬ್ಯಾರಲ್ ನೋಡಿದ್ರ ತುಂಬಾ ಹುಳ, ಚೆಲ್ಲಿ ಬಂದಾರ. ಕೆಳಗಿನ ಸಿಮೆಂಟ್ ಟಾಕಿ ಚೆಲ್ಲಾಕ ಆಗಂಗಿಲ್ರಿ, ನಳ ಬರೋದು ಇನ್ನ ಆರ ದಿನ ಐತಿ.

ಹಾವೇರಿ ಮಾಸ್ತರ
ಚೆಲ್ಲಿದ್ರ ಸಾಲಂಗಿಲ್ಲ, ಬ್ಯಾರಲ್ ಒಳಗಿನ ಗ್ವಾಡಿ ಬ್ರಷ್ ಹಚ್ಚಿ ತಿಕ್ರಿ, ಮೊಟ್ಟಿ ಅಲ್ಲೇ ಅಂಟಕೊಂಡಿರ್ತಾವು, ಒಣಗಿದ್ರೂ ತಿಂಗಳಗಟ್ಟಲೆ ಜೀವ ಇರ್ತೈತಿ, ನೀರು ಬಿದ್ದ ಕೂಡ್ಲೆ ಒಡೀತಾವು. ಟಾಕಿಗೆ ಆಶಾ ಕಾರ್ಯಕರ್ತೆಯವ್ರನ್ನ ಕೇಳ್ರಿ, ಸೊಳ್ಳಿಹುಳ ತಿನ್ನೋ ಗಪ್ಪಿ ಮೀನು ಆರೋಗ್ಯ ಇಲಾಖೆಯವ್ರು ಬಿಡ್ತಾರ. ಅಲ್ಲೀ ತನಕ ಹಳೇ ಧೋತರ ಎರಡ ಪದರ ಮಾಡಿ ಬಾಯಿಗೆ ಬಿಗಿಯಾಗಿ ಕಟ್ರಿ, ಸಂದಿ ಉಳೀಬಾರದು.