ನೀಟ್ ಕೇಂದ್ರದ ಗೇಟು 1.30ಕ್ಕೆ ಮುಚ್ಚುತ್ತದೆ: ಹಿಂದಿನ ದಿನವೇ ಹೊರಡಬೇಕೆ?

ಪ್ರಶ್ನೆ – ಪೋಷಕರು, ಹಿರೇಕೆರೂರು

ಮಗಳಿಗೆ ನೀಟ್ ಪರೀಕ್ಷೆಯ ಕೇಂದ್ರ ಹುಬ್ಬಳ್ಳಿಯಲ್ಲಿ ಬಂದಿದೆ. ಪರೀಕ್ಷೆ ಆರಂಭವಾಗುವುದು ಮಧ್ಯಾಹ್ನ 2 ಗಂಟೆಗೆ, ಆದರೆ ಗೇಟು 1.30ಕ್ಕೇ ಮುಚ್ಚುತ್ತದೆ. ಇಲ್ಲಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ರಾತ್ರಿ ಮನೆಯಲ್ಲೇ ಚೆನ್ನಾಗಿ ನಿದ್ದೆ ಮಾಡಲಿ, ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಾಕು ಎಂಬುದು ಮನೆಯವರ ಅಭಿಪ್ರಾಯ. ಎರಡು ವರ್ಷ ಕಷ್ಟಪಟ್ಟು ಓದಿದ ಮಕ್ಕಳನ್ನು ಐದು ನಿಮಿಷ ತಡವಾಯಿತೆಂದು ಹೊರಗೆ ನಿಲ್ಲಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ನನ್ನನ್ನು ಕಾಡುತ್ತಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ – ಪಿಯು ಉಪನ್ಯಾಸಕ, ಧಾರವಾಡ

ಗೇಟು ಮುಚ್ಚಿದ ಮೇಲೆ ಒಳಗೆ ಯಾರೂ ಸುಮ್ಮನೆ ಕುಳಿತಿರುವುದಿಲ್ಲ ಸರ್. ಸೂಚನೆಗಳನ್ನು ಓದಿ ಹೇಳಿ, 1.45ರ ಹೊತ್ತಿಗೆ ಮೊಹರು ಮಾಡಿದ ಪ್ರಶ್ನೆಪತ್ರಿಕೆಯ ಪುಸ್ತಿಕೆಗಳನ್ನು ಹಂಚಲು ಆರಂಭಿಸುತ್ತೇವೆ. ಆ ವೇಳೆಗೆ ಪ್ರತಿಯೊಬ್ಬರ ತಪಾಸಣೆ ಮುಗಿದು, ಅವರವರ ಜಾಗದಲ್ಲಿ ಕುಳಿತಿರಬೇಕು. ಪುಸ್ತಿಕೆ ಕೈಸೇರಿದ ನಂತರ ಹೊರಗಿನಿಂದ ಒಬ್ಬರನ್ನು ಬಿಟ್ಟುಕೊಂಡರೂ ಸೋರಿಕೆಯ ಅನುಮಾನಕ್ಕೆ ದಾರಿಯಾಗುತ್ತದೆ, ಆ ಅನುಮಾನದ ಬೆಲೆಯನ್ನು ಸಮಯಕ್ಕೆ ಬಂದ ಮಕ್ಕಳೆಲ್ಲರೂ ತೆರಬೇಕಾಗುತ್ತದೆ. ಗೇಟಿನ ಸರಳು ಹಿಡಿದು ಅಳುವ ಮಕ್ಕಳನ್ನು ಕಂಡಾಗ ನಮಗೂ ಸಂಕಟವಾಗುತ್ತದೆ. ಆದರೂ ಈ ನಿಯಮ ಸರಿ ಎಂದೇ ನನ್ನ ದೃಢವಾದ ಅಭಿಪ್ರಾಯ.

ಉತ್ತರ – ಓದುಗ, ಬಳ್ಳಾರಿ

2019ರ ಮೇ 5ರಂದು ನಡೆದದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಬೆಳಿಗ್ಗೆಯೇ ಬೆಂಗಳೂರು ತಲುಪಬೇಕಿದ್ದ ಹಂಪಿ ಎಕ್ಸ್‌ಪ್ರೆಸ್ ಗಂಟೆಗಟ್ಟಲೆ ತಡವಾಗಿ ಮಧ್ಯಾಹ್ನ ಬಂತು, ಅದರಲ್ಲಿದ್ದ ಉತ್ತರ ಕರ್ನಾಟಕದ ನೂರಾರು ವಿದ್ಯಾರ್ಥಿಗಳಿಗೆ ನೀಟ್ ತಪ್ಪಿತು. ಹುಯಿಲೆದ್ದ ಮೇಲೆ ಕೇಂದ್ರ ಸರ್ಕಾರ ಅವರಿಗೆ ಇನ್ನೊಂದು ಅವಕಾಶ ಕೊಟ್ಟು, ಮೇ 20ರಂದು ಪರೀಕ್ಷೆ ನಡೆಸಿತು. ಆ ಮಕ್ಕಳದ್ದು ಯಾವ ತಪ್ಪೂ ಇರಲಿಲ್ಲ, ರೈಲನ್ನು ನಂಬಿದ್ದರು ಅಷ್ಟೇ. ಆದರೆ ನೂರಾರು ಜನ ಒಂದೇ ರೈಲಿನಲ್ಲಿ ಸಿಕ್ಕಿಕೊಂಡಿದ್ದರಿಂದ ಆ ಅವಕಾಶ ಸಿಕ್ಕಿತು ಎಂಬುದನ್ನು ಗಮನಿಸಿ. ನಿಮ್ಮೊಬ್ಬರ ಬಸ್ಸು ರಾಣೆಬೆನ್ನೂರಿನ ಬಳಿ ಕೆಟ್ಟು ನಿಂತರೆ ಯಾವ ಸಚಿವರೂ ಕೇಳುವುದಿಲ್ಲ. ಮುಂದಿನ ನೀಟ್‌ಗೆ ಒಂದು ವರ್ಷ ಕಾಯಬೇಕು.

ಉತ್ತರ – ಗೃಹಿಣಿ, ಗದಗ

ಕಳೆದ ವರ್ಷ ಮಗನನ್ನು ಕರೆದುಕೊಂಡು ಹೋಗಿದ್ದೆ. ಶನಿವಾರ ಮಧ್ಯಾಹ್ನವೇ ಹೊರಡಿ ಅಣ್ಣಾ. ಮೇ ತಿಂಗಳ ಭಾನುವಾರವೆಂದರೆ ಮದುವೆಯ ದಿಬ್ಬಣಗಳ ಕಾಲ, ಬಸ್ಸು ಸಿಕ್ಕರೂ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಸಂಜೆಯೇ ಮಗಳನ್ನು ಕೇಂದ್ರದ ಗೇಟಿನವರೆಗೆ ಕರೆದೊಯ್ದು ತೋರಿಸಿ, ಏಕೆಂದರೆ ಒಂದೇ ಸಂಸ್ಥೆಯ ಹೆಸರಿನಲ್ಲಿ ಊರಿನ ಬೇರೆ ಬೇರೆ ಕಡೆ ಕಾಲೇಜುಗಳಿರುತ್ತವೆ. ಪ್ರವೇಶಪತ್ರದಲ್ಲಿ ಅವಳಿಗೆಂದೇ ಹಾಜರಾಗುವ ಸಮಯ ನಮೂದಾಗಿರುತ್ತದೆ, ನೀವು 1.30ನ್ನು ಮರೆತು ಅದನ್ನೇ ಗಡುವೆಂದು ತಿಳಿಯಿರಿ. ಹೆಬ್ಬೆರಳ ಗುರುತು ಮತ್ತು ತಪಾಸಣೆಯ ಸಾಲು ಬಿಸಿಲಿನಲ್ಲಿ ನಿಧಾನವಾಗಿ ಸಾಗುತ್ತದೆ. ಹುಬ್ಬಳ್ಳಿಯಲ್ಲಿ ನೆಂಟರಿಲ್ಲದಿದ್ದರೆ ಲಾಡ್ಜಿನಲ್ಲಿ ರೂಮನ್ನು ಈಗಲೇ ಹೇಳಿಡಿ.