ನಟ್ ಬಿಗಿ ಮಾಡುವಾಗ ಚಕ್ರ ನೆಲದಲ್ಲಿರಲಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ಬಿಜೈ ಮನೆ'. ಅಜ್ಜ ಬಿಟ್ಟುಹೋದ 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರು ನಮ್ಮೆಲ್ಲರದ್ದೂ. ನಿಲ್ಲಿಸಿದ್ದು ಮಾತ್ರ ನಮ್ಮ ಮನೆಯ ಮಾಡಿನಡಿ. ಕಳೆದ ಶನಿವಾರ, ಭಾನುವಾರ ಅದರ ಬಗ್ಗೆ ಆದ ಮಾತು ಇದು. ಹೆಸರು ತೆಗೆದಿದ್ದೇನೆ, ಮಾತು ತೆಗೆದಿಲ್ಲ.

ದೊಡ್ಡಪ್ಪ: ಇವತ್ತು ಬಿಜೈಗೆ ಬಂದವನು ಕಾರು ತೆಗೆದುಕೊಂಡು ಮೂಲ್ಕಿವರೆಗೆ ಹೋಗಿ ಬಂದೆ. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಕೊಟ್ಟಾರ ಚೌಕಿಯ ಹೊಂಡದಲ್ಲಿ ಮುಂದಿನಿಂದ ಟಕ್ ಟಕ್ ಶಬ್ದ. ನಾಲ್ಕು ವರ್ಷದ ಹಿಂದೆ ಎಲ್ಲರೂ ದುಡ್ಡು ಹಾಕಿ ಮುಂದಿನ ಚಕ್ರದ ರಬ್ಬರ್ ಬುಷ್ ಬದಲಾಯಿಸಿದ್ದೆವು ಅಲ್ವಾ?

ದೊಡ್ಡಪ್ಪ: ಅಗ್ಗದ ಮಾಲು ತಂದರೆ ಹೀಗೇ ಆಗುವುದು.

ಅತ್ತೆ: ಅಣ್ಣ, ಸಾಮಾನು ತರಿಸಿದ್ದು ಪುಟ್ಟಿ. ಅವಳಿಗೆ ಹೇಳುತ್ತಿದ್ದೀಯಾ?

ದೊಡ್ಡಪ್ಪ: ಯಾರಿಗೂ ಅಲ್ಲ. ಅಪ್ಪ ಹಾಕಿಸಿದ ಬುಷ್ ಇಪ್ಪತ್ತು ವರ್ಷ ಬಂದಿತ್ತು. ಇದು ನಾಲ್ಕೇ ವರ್ಷ. ಅಷ್ಟೇ ಹೇಳಿದ್ದು.

ಚಿಕ್ಕಪ್ಪ: ರಬ್ಬರ್ ಸಾಕು ಇನ್ನು. ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಬುಷ್ ಹಾಕಿ. ಇಂಗ್ಲೆಂಡಿನಿಂದ ನಾನೇ ತರಿಸುತ್ತೇನೆ. ಎಣ್ಣೆ ತಾಗಿದರೂ ಹಾಳಾಗುವುದಿಲ್ಲ.

ಅಣ್ಣ: ನಾನು ಮೊದಲಿನಿಂದ ಹೇಳುವುದು ಒಂದೇ. ವರ್ಷಕ್ಕೆ ಹತ್ತು ಸಲವೂ ಓಡದ ಕಾರಿಗೆ ಎಷ್ಟು ಅಂತ ಸುರಿಯುವುದು? ಒಳ್ಳೆಯ ಕೈಗೆ ಕೊಟ್ಟುಬಿಡೋಣ.

ಅತ್ತೆ: ಅಮ್ಮ ಇರುವ ತನಕ ಆ ಮಾತು ಬೇಡ.

ನಾನು: ದೊಡ್ಡಪ್ಪ, ಅದು ನನಗೇ ಹೇಳಿದ್ದು ಅಂತ ಗೊತ್ತಾಯಿತು. ಬೇಸರವೂ ಆಯಿತು. ತಂದದ್ದು ಅಗ್ಗದ್ದಲ್ಲ, ಬಿಲ್ ಇನ್ನೂ ನನ್ನ ಹತ್ತಿರ ಉಂಟು. ನಾಳೆ ಬೆಳಿಗ್ಗೆ ಕೆಳಗೆ ನುಗ್ಗಿ ನೋಡಿ ಹೇಳುತ್ತೇನೆ. ಅಲ್ಲಿವರೆಗೆ ದಯವಿಟ್ಟು ಯಾರೂ ಏನೂ ತರಿಸಬೇಡಿ.

(ಭಾನುವಾರ ಬೆಳಿಗ್ಗೆ)

ನಾನು: (ಮೂರು ಫೋಟೊ, ಒಂದು ವಿಡಿಯೊ)

ನಾನು: ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಓದಿ.

ಈ ಕಾರಿನ ಬೋನೆಟ್ ಇಡೀ ಮೂತಿಯೇ. ಮುಂದಕ್ಕೆ ಮಗುಚಿದರೆ ಎರಡೂ ಚಕ್ರ, ಆರ್ಮ್, ಸ್ಪ್ರಿಂಗ್ ಎಲ್ಲ ಬಯಲಾಗುತ್ತದೆ. ಟೈರ್ ಮೇಲೆ ಕೂತುಕೊಂಡೇ ನೋಡಬಹುದು. ಒಂದೊಂದು ಬದಿಗೆ ಮೇಲೆ ಒಂದು ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ಕವಲಿನಂಥ ಆರ್ಮ್), ಕೆಳಗೆ ಒಂದು. ಪ್ರತಿಯೊಂದರ ಒಳಬದಿಗೆ ಎರಡು ಬುಷ್. ಒಟ್ಟು ಎಂಟು.

ಬುಷ್ ಅಂದರೆ ಏನು ನೋಡಿ. ಆರ್ಮಿನ ತೂತಿನಲ್ಲಿ ಬಿಗಿಯಾಗಿ ಕೂತ ರಬ್ಬರ್, ಅದರ ಒಳಗೆ ರಬ್ಬರಿಗೆ ಅಂಟಿಕೊಂಡ ಒಂದು ಕಬ್ಬಿಣದ ಕೊಳವೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಒಳಗಿನ ಕೊಳವೆ ಅಲ್ಲಾಡುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ಏನೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ವಾಪಸ್ ಬರುತ್ತದೆ. ಹಾಗಾಗಿ ಕಾರು ತನ್ನ ಭಾರದಲ್ಲಿ ನೆಲದ ಮೇಲೆ ನಿಂತಾಗ ರಬ್ಬರಿಗೆ ತಿರುಚು ಇರಬಾರದು. ಆಗ ಹೊಂಡ ಬಂದರೂ ಉಬ್ಬು ಬಂದರೂ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ತಿರುಚಿದರೆ ಸಾಕು.

ನಾಲ್ಕು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ನಾನೂ ಅಲ್ಲೇ ನಿಂತಿದ್ದೆ. ಕಾರು ಲಿಫ್ಟ್ ಮೇಲಿತ್ತು, ಚಕ್ರ ಜೋತು ಬಿದ್ದಿತ್ತು. ಹಾಗೇ ನಟ್ ಬಿಗಿ ಮಾಡಿ ಇಳಿಸಿದರು. ಅದು ತಪ್ಪು ಅಂತ ಆಗ ನನಗೂ ಗೊತ್ತಿರಲಿಲ್ಲ. ಇಳಿಸಿದ ಕ್ಷಣದಿಂದಲೇ ಎಂಟೂ ಬುಷ್ ಒಂದೇ ಕಡೆಗೆ ತಿರುಚಿಕೊಂಡು ನಿಂತವು. ಕಾರು ಮಾಡಿನಡಿ ಸುಮ್ನೆ ನಿಂತಿದ್ದಾಗಲೂ ಆ ರಬ್ಬರಿಗೆ ಬಿಡುವು ಇರಲಿಲ್ಲ.

ಇದು ಊಹೆ ಅಲ್ಲ. ಮುಂದಿನ ಚಕ್ರಗಳನ್ನು ದಪ್ಪ ಹಲಗೆ ಮೇಲೆ ಹತ್ತಿಸಿದೆ, ಭಾರ ಚಕ್ರದ ಮೇಲೆಯೇ ಇರಲಿ ಅಂತ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಬಲಗಡೆ ಕೆಳಗಿನ ಆರ್ಮಿನ ಒಂದು ಬುಷ್ ಇನ್ನೂ ಪೂರ್ತಿ ಹರಿದಿಲ್ಲ. ಅದರ ಒಳಗಿನ ಕೊಳವೆಯಿಂದ ಬ್ರಾಕೆಟಿಗೆ ಅಡ್ಡಲಾಗಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ಆಮೇಲೆ ನಟ್ ಸಡಿಲ ಮಾಡಿದೆ. ವಿಡಿಯೊದಲ್ಲಿ ಟಕ್ ಅಂತ ಕೇಳುತ್ತದೆ ನೋಡಿ. ಕೊಳವೆ ತಾನಾಗಿಯೇ ತಿರುಗಿತು. ಗೆರೆ ಎರಡು ತುಂಡಾಗಿ, ನಡುವೆ ಒಂದು ಅಕ್ಕಿಕಾಳಿನ ಅಗಲದಷ್ಟು ಅಂತರ ಬಿತ್ತು. ಸರಿಯಾಗಿ ಬಿಗಿ ಮಾಡಿದ್ದರೆ ಅದು ಅಲ್ಲಾಡಲೇಬಾರದು.

ಉಳಿದವು ಎರಡನೇ ಫೋಟೊದಲ್ಲಿ ಉಂಟು. ರಬ್ಬರ್ ಕೊಳವೆಯಿಂದ ಬಿಟ್ಟು ಸುತ್ತಲೂ ಸೀಳಿದೆ. ಬ್ರೇಕ್ ಒತ್ತಿದಾಗ ಎಡಬದಿಯ ಆರ್ಮ್ ಹಿಂದಕ್ಕೆ ಸರಿಯುತ್ತದೆ. ನಿಮಗೆ ಎಡಕ್ಕೆ ಎಳೆದದ್ದು ಅದಕ್ಕೇ.

ಚಿಕ್ಕಪ್ಪ: ಹಾಗಾದರೆ ಪಾಲಿಯುರೆಥೇನೇ ಒಳ್ಳೆಯದಲ್ವಾ? ಅದರಲ್ಲಿ ಕೊಳವೆ ಒಳಗೇ ತಿರುಗುತ್ತದೆ. ಹೇಗೆ ಬಿಗಿ ಮಾಡಿದರೂ ತಿರುಚುವ ಪ್ರಶ್ನೆಯೇ ಇಲ್ಲ.

ನಾನು: ಆ ಮಾತು ನಿಜ ಚಿಕ್ಕಪ್ಪ. ಆದರೆ ಅದು ಗಟ್ಟಿ. ಇಲ್ಲಿನ ಕಾಂಕ್ರೀಟ್ ರಸ್ತೆಯ ಒಂದೊಂದು ಜೋಡಣೆಯೂ ಸ್ಟೀರಿಂಗಿಗೆ ಹೊಡೆಯುತ್ತದೆ. ಕೊಳವೆ ಸುತ್ತ ಸಿಲಿಕೋನ್ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ನಾವು ಇದನ್ನು ರೇಸಿಗೆ ಒಯ್ಯುವುದಿಲ್ಲ, ಅಜ್ಜಿಯನ್ನು ಕೂರಿಸಿಕೊಂಡು ಕದ್ರಿಗೆ ಹೋಗುವುದು. ನನಗೆ ರಬ್ಬರೇ ಬೇಕು.

ಅಣ್ಣ: ಸಾಮಾನು ಸಿಗದೆ ಮತ್ತೆ ಆರು ತಿಂಗಳು ಕಾಯಬೇಕಲ್ಲ?

ನಾನು: ಇಲ್ಲ ಅಣ್ಣ. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪುಂಟಾ? ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ. ವಿಶ್‌ಬೋನ್ ಬುಷ್ ಎರಡಕ್ಕೂ ಒಂದೇ. ಹಳೇ ಹೆರಾಲ್ಡ್ ಇಟ್ಟುಕೊಂಡವರ ಮೂಲಕ ಎಂಟು ಹುಡುಕಿದ್ದೇನೆ.

ದೊಡ್ಡಪ್ಪ: ವಿಡಿಯೊ ಮೂರು ಸಲ ನೋಡಿದೆ. ಆ ಗ್ಯಾರೇಜು ನಾನು ಹೇಳಿದ್ದು. ಮಾಲಿನ ಮೇಲೆ ಹೇಳಿದ್ದು ನನ್ನ ತಪ್ಪು ಮಗಾ.

ನಾನು: ಆಯಿತು ದೊಡ್ಡಪ್ಪ. ಆದರೆ ಇದಕ್ಕಿಂತ ಹೆದರಿಕೆಯ ವಿಷಯ ಇನ್ನೊಂದುಂಟು. ಮೂರನೇ ಫೋಟೊ ನೋಡಿ. ಚಕ್ರದ ಬುಡದಲ್ಲಿ ಟ್ರನಿಯನ್ ಅಂತ ಒಂದು ಹಿತ್ತಾಳೆ ಬಣ್ಣದ ತುಂಡು. ಚಕ್ರ ಹೊತ್ತ ಕಬ್ಬಿಣದ ಕಂಬ ಅದರೊಳಗೆ ಸ್ಕ್ರೂ ಹಾಗೆ ಕೂತಿದೆ. ಸ್ಟೀರಿಂಗ್ ತಿರುಗಿಸಿದಾಗ ಆ ಸ್ಕ್ರೂವಿನ ಮರೆಯಲ್ಲೇ, ಅಂದರೆ ಅದರ ಸುತ್ತು ಎಳೆಯಲ್ಲೇ (ಥ್ರೆಡ್), ಕಂಬ ತಿರುಗುವುದು. ಅದಕ್ಕೆ ಹಾಕಬೇಕಾದ್ದು ಇ.ಪಿ. 90 ಗೇರ್ ಎಣ್ಣೆ. ಯಾರೋ ಗ್ರೀಸ್ ತುಂಬಿಸಿದ್ದಾರೆ. ಗ್ರೀಸ್ ಗಟ್ಟಿಯಾಗಿ ಕೂತರೆ ಮರೆ ತನಕ ಇಳಿಯುವುದಿಲ್ಲ. ನಮ್ಮ ಮಳೆಗಾಲದ ನೀರು ಒಳಗೆ ಹೋಗಿ ತುಕ್ಕು ಹಿಡಿದರೆ ಕಂಬ ಅಲ್ಲೇ ತುಂಡಾಗುತ್ತದೆ, ಚಕ್ರ ಮಡಚಿ ಬೀಳುತ್ತದೆ. ಬಿಚ್ಚಿ ತೊಳೆದು, ಮರೆ ನೋಡುವ ತನಕ ಕಾರು ಯಾರೂ ಗೇಟಿನ ಹೊರಗೆ ತೆಗೆಯಬೇಡಿ.

ಅತ್ತೆ: ಅಯ್ಯೋ ದೇವರೇ. ಅಣ್ಣ ನಿನ್ನೆ ಹೆದ್ದಾರಿಯಲ್ಲಿ ಹೋಗಿ ಬಂದಿದ್ದಾನೆ.

ಅಣ್ಣ: ಮಾರುವ ಮಾತು ಸದ್ಯಕ್ಕೆ ಬಿಟ್ಟೆ. ಹೀಗಿರುವ ಕಾರನ್ನು ಯಾರಿಗೂ ಕೊಡುವ ಹಾಗಿಲ್ಲ. ಯಾರು ಮಾಡುವುದು ಕೆಲಸ?

ನಾನು: ನಾನು. ಜೊತೆಗೆ ಹೆರಾಲ್ಡ್ ಕೆಲಸ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಒಬ್ಬರು ಮನೆಗೇ ಬರುತ್ತಾರೆ. ಸ್ಪ್ರಿಂಗನ್ನು ಶಾಕ್‌ ಅಬ್ಸಾರ್ಬರಿನಿಂದ ಬಿಡಿಸುವುದಿಲ್ಲ ಅತ್ತೆ, ಜೋಡಿಯಾಗಿಯೇ ಇಳಿಸುತ್ತೇವೆ. ಕೆಳಗಿನ ಬ್ರಾಕೆಟಿನ ಹಿಂದೆ ತೆಳು ತಗಡಿನ ಶಿಮ್ ಇರುತ್ತವೆ. ಚಕ್ರದ ವಾಲು ಅವುಗಳಿಂದಲೇ. ಎಲ್ಲಿ ಎಷ್ಟಿತ್ತೋ ಅಷ್ಟೇ ವಾಪಸ್ ಹೋಗಬೇಕು. ಅದಕ್ಕೆ ನಾಲ್ಕು ಡಬ್ಬಿಗೆ ಚೀಟಿ ಅಂಟಿಸಿ ಇಟ್ಟಿದ್ದೇನೆ. ಹೊಸ ಬುಷ್ ಸಾಬೂನು ನೀರು ಹಚ್ಚಿ ವೈಸಿನಲ್ಲಿ ಒತ್ತುವುದು, ಎಣ್ಣೆ ತಾಗಿಸುವುದಿಲ್ಲ. ಎಲ್ಲ ಸಡಿಲವಾಗಿ ಜೋಡಿಸಿ, ಚಕ್ರ ಹಾಕಿ, ಕಾರು ನೆಲಕ್ಕಿಳಿಸಿ, ಎರಡೂ ಸೀಟಿನಲ್ಲಿ ಜನ ಕೂತಷ್ಟು ಭಾರ ಇಟ್ಟು, ಒಮ್ಮೆ ಕುಲುಕಿಸಿ ಆಮೇಲೆ ನಟ್ ಬಿಗಿ. ಸೀಟಿಗೆ ಮೂರರಂತೆ 25 ಕೆ.ಜಿ.ಯ ಕುಚ್ಚಲಕ್ಕಿ ಚೀಲ ಇಡುತ್ತೇವೆ. ಕೊನೆಗೆ ಅಲೈನ್‌ಮೆಂಟ್.

ಚಿಕ್ಕಪ್ಪ: ಸರಿ, ರಬ್ಬರೇ ಆಗಲಿ. ನನ್ನ ಪಾಲು ಇವತ್ತೇ ಹಾಕುತ್ತೇನೆ. ಟ್ರನಿಯನ್ ಹೋಗಿದ್ದರೆ ಹೇಳು, ಅದನ್ನು ಮಾತ್ರ ನಾನು ತರಿಸುತ್ತೇನೆ.

ದೊಡ್ಡಪ್ಪ: ಆಯುಧ ಪೂಜೆಗೆ ಮೊದಲು ಆಗುತ್ತದಾ?

ನಾನು: ಕಂಬದ ಮರೆ ಚೆನ್ನಾಗಿದ್ದರೆ ಆಗುತ್ತದೆ. ಇಲ್ಲದಿದ್ದರೆ ಈ ಸಲ ನಿಂತಲ್ಲಿಯೇ ಪೂಜೆ.

ಅತ್ತೆ: ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಸೀಟಿಗೆ ಅಕ್ಕಿ ಯಾಕೆ, ನಾನೇ ಬಂದು ಕೂರುತ್ತೇನೆ ಅಂತಾರೆ. ಮುಂದಿನ ಭಾನುವಾರ ಉಡುಪಿಯಿಂದ ಕರೆದುಕೊಂಡು ಬರಲಾ?

ನಾನು: ಬನ್ನಿ ಅತ್ತೆ. ಅಜ್ಜಿ 42 ಕೆ.ಜಿ. ಅಲ್ವಾ, ಕಾಲ ಬುಡದಲ್ಲಿ ಒಂದು ಚೀಲ ಅಕ್ಕಿಯೂ ಇಡುತ್ತೇನೆ.

ದೊಡ್ಡಪ್ಪ: ಡ್ರೈವರ್ ಸೀಟಿಗೆ ನಾನು. ಸಂಜೆ ಐದರ ಕಾರ್ಕಳ ಬಸ್ಸಿಗೆ ಮೊದಲು ಬಿಗಿ ಮಾಡಿ ಮುಗಿಸಿ.